ಕೊರಿಯಾದ ನೌಕಾಧಿಪತಿ ಯಿ ಸುನ್‌ಷಿನ್

ದೇಶರಕ್ಷಣೆಯ ಪ್ರಶ್ನೆಯು ಬಂದಾಗಲೆಲ್ಲ ತೋಪುಗಳನ್ನೂ ದಂಡಿನ ತಲೆಗಳನ್ನೂ ಎಣಿಸುವುದು ಲೋಕದ ವಾಡಿಕೆ. ಆದರೆ ಶಸ್ತ್ರಾಗಾರದ ಪಟ್ಟಿಯಲ್ಲಿ ಸೇರದ ಬಲವೊಂದುಂಟು: ಅಪ್ರಿಯವಾದ ಸತ್ಯವನ್ನು ಹೇಳಬಲ್ಲ ಅಧಿಕಾರಿ, ಅದನ್ನು ಸಹನೆಯಿಂದ ಕೇಳಬಲ್ಲ ಸರಕಾರ. ಇವುಗಳಲ್ಲಿ ಮೊದಲನೆಯದಿದ್ದು ಎರಡನೆಯದಿಲ್ಲದಾಗ ನಾಡಿಗೆ ಒದಗುವ ಗತಿಯನ್ನು ಯಿ ಸುನ್‌ಷಿನ್‌ನ ಚರಿತ್ರೆಯಷ್ಟು ಸ್ಪಷ್ಟವಾಗಿ ತೋರಿಸುವ ನಿದರ್ಶನವನ್ನು ನಾವು ಬೇರೆ ಕಾಣೆವು.

ಈತನು 1545ರಲ್ಲಿ, ಈಗ ಸಿಯೋಲ್ ಎನಿಸಿರುವ ರಾಜಧಾನಿಯಲ್ಲಿ ಜನಿಸಿದನು. 1572ರ ಸೈನಿಕ ಪರೀಕ್ಷೆಯಲ್ಲಿ ಕುದುರೆಯಿಂದ ಬಿದ್ದು ಕಾಲು ಮುರಿದುಕೊಂಡು, 1576ರಲ್ಲಿ ತೇರ್ಗಡೆ ಹೊಂದಿದನು. ಉತ್ತರದ ಗಡಿಯಲ್ಲಿದ್ದಾಗ ಒಮ್ಮೆ ಪದವಿಯನ್ನು ಕಳೆದುಕೊಂಡು ಸಾಮಾನ್ಯ ಸಿಪಾಯಿಯಾಗಿಯೂ ದುಡಿದನು. ಕೊನೆಗೆ 1591ರಲ್ಲಿ, ಮಂತ್ರಿ ರ್ಯು ಸೊಂಗ್‌ರ್ಯೊಂಗ್‌ನ ಶಿಫಾರಸಿನಿಂದ ದಕ್ಷಿಣ ಕರಾವಳಿಯ ಯೊಸು ಠಾಣೆಯ ನೌಕಾಧಿಪತ್ಯವು ಆತನಿಗೆ ದೊರೆಯಿತು.

ಅದೇ ವರ್ಷ ಜಪಾನಿನಿಂದ ಮರಳಿದ ರಾಯಭಾರಿಗಳಲ್ಲಿ ಒಬ್ಬನು ಯುದ್ಧವು ನಿಶ್ಚಯವೆಂದನು; ಎದುರು ಪಕ್ಷದ ಮತ್ತೊಬ್ಬನು ಭಯಕ್ಕೆ ಕಾರಣವಿಲ್ಲವೆಂದನು. ಪಕ್ಷಕಲಹದಲ್ಲಿ ಮುಳುಗಿದ್ದ ಆಸ್ಥಾನಕ್ಕೆ ಎರಡನೆಯ ಮಾತೇ ಹಿತವಾಯಿತು. ಯಿ ಮಾತ್ರ ಹಡಗುಗಳನ್ನು ದುರಸ್ತುಗೊಳಿಸಿ, ನಾವಿಕರಿಗೆ ಶಿಕ್ಷಣವಿತ್ತು, ಮೇಲ್ಗಡೆ ಹಲಗೆಯ ಹೊದಿಕೆಯನ್ನೂ ಅದರ ಮೇಲೆ ಕಬ್ಬಿಣದ ಮುಳ್ಳುಗಳನ್ನೂ ಹೊಂದಿದ ಕೂರ್ಮನೌಕೆಯನ್ನು ಸಿದ್ಧಪಡಿಸಿದನು. 1592ರಲ್ಲಿ ಆ ನೌಕೆಯ ತೋಪುಗಳನ್ನು ಹಾರಿಸಿ ಪರೀಕ್ಷಿಸಿದ ಮರುದಿನವೇ ಶತ್ರುವಿನ ನೌಕೆಗಳು ಬೂಸಾನಿನ ಎದುರಿಗೆ ಕಾಣಿಸಿಕೊಂಡವು.

ಹಿದೆಯೋಷಿಯ ಸೈನ್ಯವು ಸುಮಾರು ಇಪ್ಪತ್ತು ದಿನಗಳಲ್ಲಿ ರಾಜಧಾನಿಯನ್ನು ಹಿಡಿಯಿತು. ಅರಸನು ಉತ್ತರಕ್ಕೆ ಪಲಾಯನ ಮಾಡಿದನು. ಆದರೆ ಸಮುದ್ರವು ಶತ್ರುವಿನ ವಶವಾಗಲಿಲ್ಲ. ಹಾನ್ಸಾನ್ ದ್ವೀಪದ ಬಳಿ ಜಪಾನಿನ 73 ಹಡಗುಗಳಲ್ಲಿ 59 ಹಡಗುಗಳನ್ನು ಯಿ ನಾಶಮಾಡಿದನು ಅಥವಾ ಸೆರೆಹಿಡಿದನು. ಇದರಿಂದ ಪಶ್ಚಿಮದ ಜಲಮಾರ್ಗವು ಮುಚ್ಚಿತು. ಪ್ಯೊಂಗ್ಯಾಂಗ್ ತಲುಪಿದ್ದ ಶತ್ರುಸೈನ್ಯಕ್ಕೆ ಸಮುದ್ರದ ಮೂಲಕ ಧಾನ್ಯವಾಗಲಿ ಸಹಾಯಕ ದಂಡಾಗಲಿ ಬರಲಿಲ್ಲ. ಮರುವರ್ಷ ದಕ್ಷಿಣದ ಮೂರು ಪ್ರಾಂತಗಳ ನೌಕಾಬಲವೆಲ್ಲವೂ ಆತನ ಅಧೀನವಾಯಿತು.

ಇಂತಹ ಸೇವಕನಿಗೆ ದೊರೆತ ಸಂಭಾವನೆಯೇನು? 1597ರಲ್ಲಿ ಜಪಾನಿನ ಗುಪ್ತಚರನೊಬ್ಬನು ಕೊಟ್ಟ ಸುದ್ದಿಯನ್ನು ನಂಬಿ, ಶತ್ರು ಸೇನಾಪತಿಯನ್ನು ಕಡಲಲ್ಲೇ ತಡೆಯಬೇಕೆಂದು ಆಸ್ಥಾನವು ಆಜ್ಞಾಪಿಸಿತು. ಅದು ಬಲೆಯೆಂದು ಶಂಕಿಸಿದ ಯಿ ಹೊರಡಲಿಲ್ಲ. ಅದಕ್ಕಾಗಿ ಆತನನ್ನು ಬಂಧಿಸಿ, ಹಿಂಸಿಸಿ, ಮರಣದಂಡನೆಯ ಅಂಚಿನವರೆಗೆ ಕೊಂಡೊಯ್ದು, ಮತ್ತೆ ಪದವಿಯಿಲ್ಲದ ಸಿಪಾಯಿಯನ್ನಾಗಿ ಕಳುಹಿಸಿದರು. ಮಗನನ್ನು ಕಾಣಲು ಹೊರಟ ವೃದ್ಧ ಮಾತೆಯು ದಾರಿಯಲ್ಲೇ ತೀರಿಕೊಂಡಳು. ಆತನ ಸ್ಥಾನಕ್ಕೆ ಬಂದ ವೊನ್ ಗ್ಯುನನು ಮೇಲಿನವರ ಒತ್ತಾಯಕ್ಕೆ ಮಣಿದು ಹೊರಟು, ಚಿಲ್‌ಚೊನ್ ಜಲಸಂಧಿಯಲ್ಲಿ ನೌಕಾಬಲವನ್ನು ಬಹುಮಟ್ಟಿಗೆ ಕಳೆದನು. ವರ್ಷಗಳ ಪರಿಶ್ರಮವು ಹೀಗೆ ನೀರುಪಾಲಾಯಿತು.

ಆಗ ಆಸ್ಥಾನಕ್ಕೆ ಯಿ ನೆನಪಾದನು. ಉಳಿದಿದ್ದುದು ಹನ್ನೆರಡು ಹಡಗುಗಳು. ನೌಕಾಬಲವನ್ನು ವಿಸರ್ಜಿಸಿ ಭೂಸೈನ್ಯವನ್ನು ಸೇರಬೇಕೆಂಬ ಸೂಚನೆಯು ಬಂದರೂ ಆತನು ಒಪ್ಪಲಿಲ್ಲ; ಹನ್ನೆರಡಿರುವವರೆಗೆ ಕಾದಾಡಬಹುದೆಂದು ಅರಸನಿಗೆ ಬಿನ್ನವಿಸಿಕೊಂಡನು. ಮತ್ತೊಂದನ್ನು ಕೂಡಿಸಿಕೊಂಡು, ಪ್ರವಾಹವು ಭೋರ್ಗರೆದು ದಿಕ್ಕು ಬದಲಿಸುವ ಮ್ಯೊಂಗ್ನ್ಯಾಂಗ್ ಜಲಸಂಧಿಯಲ್ಲಿ ನಿಂತು, 133 ಯುದ್ಧನೌಕೆಗಳನ್ನು ಎದುರಿಸಿ ಹಿಮ್ಮೆಟ್ಟಿಸಿದನು. ಆತನ ಪಕ್ಷದ ಒಂದು ಹಡಗೂ ಮುಳುಗಲಿಲ್ಲ. 1598ರ ಡಿಸೆಂಬರಿನಲ್ಲಿ, ಹಿಂದಿರುಗುತ್ತಿದ್ದ ಶತ್ರುವನ್ನು ನೊರ್ಯಾಂಗ್‌ನಲ್ಲಿ ಅಡ್ಡಗಟ್ಟಿದಾಗ ಗುಂಡು ತಗಲಿ ಬಿದ್ದನು. ಕಾಳಗವು ಮುಗಿಯುವವರೆಗೆ ತನ್ನ ಮರಣವನ್ನು ಪ್ರಕಟಿಸಬಾರದೆಂಬುದೇ ಆತನ ಕೊನೆಯ ಆಜ್ಞೆ.

ನಿಷ್ಠೆ ಮತ್ತು ಶೌರ್ಯವನ್ನು ಸೂಚಿಸುವ ಚುಂಗ್ಮು ಎಂಬ ಬಿರುದು 1643ರಲ್ಲಿ ಆತನಿಗೆ ಸಂದಿತು. ಆತನ ಯುದ್ಧದಿನಚರಿಯು 2013ರಲ್ಲಿ ಯುನೆಸ್ಕೋದ ವಿಶ್ವಸ್ಮೃತಿ ಪಟ್ಟಿಯನ್ನು ಸೇರಿತು. ಸತ್ತವರಿಗೆ ಬಿರುದು ಕೊಡುವುದು ಸುಲಭ. ಬದುಕಿರುವ ಅಧಿಕಾರಿಯು ಆಗದು ಎಂದಾಗ ಆ ಮಾತಿನ ಕಾರಣವನ್ನು ವಿಚಾರಿಸುವುದು ಕಷ್ಟ. ಆ ಕಷ್ಟವನ್ನು ವಹಿಸದ ಆಸ್ಥಾನವು ಒಂದೇ ಕಾಳಗದಲ್ಲಿ ತನ್ನ ನೌಕಾಬಲವನ್ನು ಕಳೆದುಕೊಂಡಿತು. ರಾಷ್ಟ್ರಗಳ ರಕ್ಷಣಾಭಾರವನ್ನು ಹೊತ್ತವರೆಲ್ಲರೂ ಈ ಲೆಕ್ಕವನ್ನು ಮನನ ಮಾಡತಕ್ಕದ್ದೆಂದು ನಾವು ಬಗೆಯುತ್ತೇವೆ.