ಹೊಳೆಆಲೂರಿನ ಹೆಸರು ಹೊತ್ತ ಗದ್ಯಕಾರ

ರೋಣ ತಾಲ್ಲೂಕಿನ ಹೊಳೆಆಲೂರು ಮಲಪ್ರಭೆಯ ದಂಡೆಯ ಮೇಲಿನ ಊರು. ಕನ್ನಡ ಕುಲಪುರೋಹಿತರೆಂದು ನಾಡು ಕೊಂಡಾಡಿದ ವೆಂಕಟರಾಯರ ಮನೆತನಕ್ಕೆ ಆಲೂರೆಂಬ ಹೆಸರು ಬಂದದ್ದು ಈ ಊರಿನಿಂದ. ಆ ಕಾಲದಲ್ಲಿ ಈ ಸೀಮೆಯಲ್ಲಿ ನಿಂತು ನೋಡಿದವನಿಗೆ ಕನ್ನಡಿಗರ ದುಃಸ್ಥಿತಿ ಕಣ್ಣಿಗೆ ಕಟ್ಟುವಂತಿದ್ದಿತು. ರೋಣ, ನರಗುಂದಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದುವು. ನರಗುಂದದ ಆಚೆ ರಾಮದುರ್ಗ ಸಂಸ್ಥಾನ. ಗಜೇಂದ್ರಗಡವನ್ನು ದಾಟಿ ಮೂಡಲಿಗೆ ನಡೆದರೆ ನಿಜಾಮನ ಸೀಮೆ. ಆಡುವ ನುಡಿ ಒಂದು, ಆಳುವ ದೊರೆಗಳು ಹಲವರು. 1858ರಲ್ಲಿ ನರಗುಂದದ ಬಾಬಾಸಾಹೇಬನು ಆಂಗ್ಲರ ಮೇಲೆ ಖಡ್ಗವನ್ನೆತ್ತಿ ಸೋತನು. 1880ರ ಜುಲೈ 12ರಂದು ವಿಜಾಪುರದಲ್ಲಿ ಜನಿಸಿದ ವೆಂಕಟರಾಯರು ಎತ್ತಿಕೊಂಡದ್ದು ಲೇಖನಿಯನ್ನು.

ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರಿಗೆ ತಿಲಕರ ಪ್ರಭಾವವಾಯಿತು. ತಮ್ಮ ಪೂರ್ವೇತಿಹಾಸದ ಸ್ಮರಣೆಯಿಂದ ಮಹಾರಾಷ್ಟ್ರದ ಜನ ಎಚ್ಚತ್ತ ಬಗೆಯನ್ನು ಅಲ್ಲಿ ಕಂಡರು. ಕಾನೂನು ಪದವಿ ಪಡೆದು ಧಾರವಾಡದಲ್ಲಿ ವಕೀಲರಾದರೂ ಮನಸ್ಸು ಅದರಲ್ಲಿ ನಿಲ್ಲಲಿಲ್ಲ. 1905ರಲ್ಲಿ ಹಂಪೆಯ ಹಾಳನ್ನು ಕಂಡ ದಿನವೇ ಅವರ ಬಾಳಿನ ದಿಕ್ಕು ನಿಶ್ಚಯವಾಯಿತು. ಕನ್ನಡಿಗನಿಗೆ ನೆಲಕ್ಕಿಂತ ಮೊದಲು ನೆನಪು ಹೋಗಿದೆ ಎಂಬ ವ್ಯಥೆ ಅವರನ್ನು ಜೀವನಪರ್ಯಂತ ಬಿಡಲಿಲ್ಲ. ವಿದ್ಯಾವರ್ಧಕ ಸಂಘದ ‘ವಾಗ್ಭೂಷಣ’, 1922ರಲ್ಲಿ ಆರಂಭವಾದ ‘ಜಯಕರ್ನಾಟಕ’, ತಿಲಕರ ಗೀತಾರಹಸ್ಯದ ಕನ್ನಡ ಅನುವಾದ, ಎಲ್ಲವೂ ಈ ವ್ಯಥೆಯ ಫಲಗಳು.

ಇವುಗಳಿಗೆಲ್ಲ ಮುಕುಟಪ್ರಾಯವಾದುದು 1917ರ ‘ಕರ್ನಾಟಕ ಗತವೈಭವ’. ಕದಂಬ, ಚಾಲುಕ್ಯ, ರಾಷ್ಟ್ರಕೂಟ, ವಿಜಯನಗರಗಳ ಕಥೆಯನ್ನು ಅವರು ಪಂಡಿತರಿಗಾಗಿ ಬರೆಯಲಿಲ್ಲ. ತನ್ನನ್ನು ತಾನೇ ಮರೆತ ಸಾಮಾನ್ಯನಿಗಾಗಿ ಬರೆದರು. ಶಾಸನಗಳ ಸಾಕ್ಷ್ಯವನ್ನೇ ಪ್ರಮಾಣವಾಗಿ ಹಿಡಿಯುವ ಇಂದಿನ ಚರಿತ್ರಕಾರನಿಗೆ ಅಲ್ಲಿ ಆವೇಶ ಹೆಚ್ಚೆನಿಸಬಹುದು. ಆದರೆ ಮಲಗಿದವನನ್ನು ಎಬ್ಬಿಸುವ ಕಂಠ ಮೆಲ್ಲನಿದ್ದರೆ ಸಾಗದು. ಅವರ ಕರ್ನಾಟಕತ್ವವು ಭಾರತೀಯತೆಗೆ ಎದುರಾಳಿಯಲ್ಲ, ಅದರ ಒಂದು ಅಂಗ ಎಂಬುದನ್ನೂ ಮರೆಯಲಾಗದು.

ಭೂಮಿಯ ಇನ್ನೊಂದು ಮಗ್ಗುಲಲ್ಲಿ, ಉರುಗ್ವೆ ದೇಶದ ಪ್ರಬಂಧಕಾರ ಹೊಸೆ ಎನ್ರಿಕೆ ರೊಡೊ 1900ರಲ್ಲಿ ‘ಏರಿಯಲ್’ ಎಂಬ ಕೃತಿಯಿಂದ ತನ್ನ ಖಂಡದ ತರುಣರಿಗೆ ಪರರ ಅನುಕರಣೆ ಸಲ್ಲದೆಂದು ಬೋಧಿಸಿದ್ದನು. ‘ಗತವೈಭವ’ ಬೆಳಕು ಕಂಡ 1917ರಲ್ಲೇ ಆತ ಇಟಲಿಯ ಪಾಲೆರ್ಮೊದಲ್ಲಿ ತೀರಿಕೊಂಡನು. ಒಬ್ಬರು ಇನ್ನೊಬ್ಬರಿಗಾಗಿ ಬರೆದವರಲ್ಲ. ಆದರೂ ಇಬ್ಬರೂ ಗದ್ಯದಿಂದ ಜನರಿಗೆ ಮುಖಗನ್ನಡಿ ಹಿಡಿದರು.

1930ರಲ್ಲಿ ಮೈಸೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠ ಆಲೂರರಿಗೆ ಸಂದಿತು. 1956ರ ನವೆಂಬರ್ 1ರಂದು ಹರಿದ ನಾಡು ಕೂಡಿತು. ಎಪ್ಪತ್ತಾರರ ವೃದ್ಧರು ಅದನ್ನು ಕಣ್ಣಾರೆ ಕಂಡರು. ಆದರೆ ರಾಜ್ಯಕ್ಕೆ ಇಟ್ಟ ಹೆಸರು ಮೈಸೂರು. 1964ರ ಫೆಬ್ರವರಿ 25ರಂದು ಅವರು ಕಣ್ಮುಚ್ಚಿದರು. ಅವರ ಮೇರುಕೃತಿಯ ಹೊದಿಕೆಯ ಮೇಲಿದ್ದ ಕರ್ನಾಟಕವೆಂಬ ಹೆಸರು ನಾಡಿಗೆ ದೊರೆತದ್ದು ಒಂಬತ್ತು ವರ್ಷಗಳ ಬಳಿಕ, 1973ರಲ್ಲಿ. ಇಂದು ಗದಗ ಜಿಲ್ಲೆಯ ಮಗು ಆ ಹೆಸರನ್ನು ಅನಾಯಾಸವಾಗಿ ಉಚ್ಚರಿಸುತ್ತದೆ. ಆ ಅನಾಯಾಸದ ಹಿಂದೆ ಒಂದು ಆಯುಷ್ಯದ ಆಯಾಸವಿದೆ.