ಗುಬ್ಬಿಯವರ ಆನೆ

ಮಣಿಪಾಲದಲ್ಲಿ ಅವತಾರ್ ಮೂರನೇ ಭಾಗ ನೋಡಿ ಬಂದ ರಾತ್ರಿ ನಮ್ಮ ಹಾಸ್ಟೆಲ್‌ನಲ್ಲಿ ಯಾರೂ ಬೇಗ ಮಲಗಲಿಲ್ಲ. ಕಥೆ ಎಂತದ್ದೂ ಇಲ್ಲ, ಬರೀ ಕಣ್ಣಿಗೆ ಹಬ್ಬ ಅಂತ ಒಬ್ಬನ ತಕರಾರು. ಹಬ್ಬ ಆದ್ರೆ ಸಾಕಲ್ಲ ಮಾರಾಯ, ಮತ್ತೆಂತ ಬೇಕು ಅಂತ ಇನ್ನೊಬ್ಬ. 2009ರಲ್ಲಿ ಬಂದ ಮೊದಲನೆಯದು ಜಗತ್ತಿನ ಅತಿ ಹೆಚ್ಚು ಗಳಿಕೆಯ ಸಿನಿಮಾ, 2022ರ ಎರಡನೆಯದೂ ಹಣ ಬಾಚಿತು, ಹಾಗಿದ್ದ ಮೇಲೆ ವಾದ ಎಂತದು? ಅಷ್ಟರಲ್ಲಿ ಮೂಲೆಯಲ್ಲಿ ಕೂತಿದ್ದ ಉದ್ಯಾವರದ ಗೆಳೆಯ ಬಾಯಿ ಹಾಕಿದ. ಅವನ ಊರಿನ ಗದ್ದೆಯಲ್ಲೂ ದಶಾವತಾರ ಆಟ ಆಗ್ತದೆ, ಅಲ್ಲಿ ಸೆಟ್ ಅಂದ್ರೆ ಒಂದು ಮರದ ರಥ, ಅಷ್ಟೇ. ಅದೇ ಕಾಳಿಂಗ, ಅದೇ ಕೀಚಕ, ಅದೇ ಅಭಿಮನ್ಯು. ಅವನ ಅಜ್ಜ ಎಪ್ಪತ್ತು ವರ್ಷದಿಂದ ನೋಡ್ತಾ ಇದ್ದಾರಂತೆ, ಇನ್ನೂ ಸಾಕಾಗಲಿಲ್ಲವಂತೆ.

ಅಲ್ಲಿಗೆ ವಾದ ಮುಗಿದ ಹಾಗೆ ಕಂಡಿತು. ಆದರೆ ಮುಗಿದಿರಲಿಲ್ಲ. ಯಕ್ಷಗಾನದಲ್ಲಿ ಕಣ್ಣಿಗೆ ಹಬ್ಬ ಇಲ್ಲ ಅಂತ ಯಾರು ಹೇಳಿದ್ದು? ನಡುರಾತ್ರಿ ದಾಟಿದ ಮೇಲೆ ಬಣ್ಣದ ವೇಷ ಬರುವಾಗ ರಾಳದ ಪುಡಿ ಹಾರಿಸಿ ಬೆಂಕಿ ಎಬ್ಬಿಸ್ತಾರಲ್ಲ, ಅದು ಸ್ಪೆಷಲ್ ಎಫೆಕ್ಟ್ ಅಲ್ಲದೆ ಮತ್ತೇನು! ಹಾಗಾದ್ರೆ ಬೆಂಕಿ ಎಷ್ಟು ಇರಬೇಕು, ಮಾತು ಎಷ್ಟು ಇರಬೇಕು? ಇದನ್ನು ಕ್ಯಾಮೆರಾ, ಕಂಪ್ಯೂಟರ್ ಯಾವುದೂ ಇಲ್ಲದೆ ಜೀವಮಾನ ಇಡೀ ಲೆಕ್ಕ ಹಾಕಿದ ಕನ್ನಡಿಗರೊಬ್ಬರು ಇದ್ದರು. ನಾಟಕದ ರಂಗದ ಮೇಲೆ ಜೀವಂತ ಆನೆ ತಂದು ನಿಲ್ಲಿಸಿದವರು. ಗುಬ್ಬಿ ವೀರಣ್ಣ.

ತುಮಕೂರಿನ ಹತ್ತಿರ ಗುಬ್ಬಿ ಅಂತ ಊರು. ಅಲ್ಲಿ 1884ರಲ್ಲಿ ಚಂದಣ್ಣನವರು ಮತ್ತು ಗೆಳೆಯರು ಸೇರಿ ಚನ್ನಬಸವೇಶ್ವರನ ಹೆಸರಲ್ಲಿ ಒಂದು ನಾಟಕ ಸಂಘ ಕಟ್ಟಿದರು. ಪ್ಯಾರಿಸ್ಸಿನಲ್ಲಿ ಲೂಮಿಯೇರ್ ಸಹೋದರರು ಟಿಕೆಟ್ಟು ಮಾರಿ ಸಿನಿಮಾ ತೋರಿಸಿದ್ದು 1895ರಲ್ಲಿ. ಅಂದ್ರೆ ನಮ್ಮ ಗುಬ್ಬಿ ಕಂಪನಿ ಸಿನಿಮಾಕ್ಕಿಂತ ಹನ್ನೊಂದು ವರ್ಷ ದೊಡ್ಡದು. ವೀರಣ್ಣ ಹುಟ್ಟಿದ್ದು 1891ರಲ್ಲಿ. ತೀರ ಸಣ್ಣ ಹುಡುಗನಾಗಿದ್ದಾಗಲೇ ಕಂಪನಿ ಸೇರಿದರು. ಓದಿದ್ದು ಕಡಿಮೆ, ಕಲಿತದ್ದೆಲ್ಲ ಪರದೆಯ ಹಿಂದೆ. ಬಾಲಪಾತ್ರ ಮಾಡಿ, ಬೆಳೆದ ಮೇಲೆ ಹಾಸ್ಯಪಾತ್ರಕ್ಕೆ ನಿಂತರು. 1917ರ ಹೊತ್ತಿಗೆ ಅದೇ ಕಂಪನಿಗೆ ಮಾಲೀಕರೂ ಆದರು. ಹೀರೋ ಅಲ್ಲ, ಕಾಮಿಡಿಯನ್ ಮಾಲೀಕ. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಕಂಪನಿ ನಾಟಕ ಅಂದ್ರೆ ನಮಗೆ ಈಗ ಸರಿಯಾಗಿ ಅಂದಾಜಾಗುವುದಿಲ್ಲ. ಒಂದು ಊರಿಗೆ ಹೋಗಿ ಚಪ್ಪರ ಕಟ್ಟಿ, ಪರದೆ, ಪೆಟ್ಟಿಗೆ, ಅಡುಗೆಯವರು, ಹಾರ್ಮೋನಿಯಂ, ಹೆಂಡತಿ ಮಕ್ಕಳು ಎಲ್ಲ ಇಳಿಸಿ ತಿಂಗಳುಗಟ್ಟಲೆ ಠಿಕಾಣಿ ಹೂಡುವುದು. ಅದಕ್ಕೆ ಕ್ಯಾಂಪ್ ಅಂತ ಹೆಸರು. ನೂರಾರು ಜನರಿಗೆ ದಿನಾ ಎರಡು ಹೊತ್ತು ಊಟ ಹಾಕಬೇಕು, ನಾಟಕ ಇರಲಿ, ಮಳೆ ಬಂದು ನಿಲ್ಲಲಿ. ನೋಡುವವರು ಮಾತ್ರ ಅದೇ ಊರಿನವರು. ಸಿನಿಮಾದ ಹಾಗೆ ಒಂದೇ ದಿನ ಸಾವಿರ ಊರಲ್ಲಿ ಬಿಡುಗಡೆ ಮಾಡಿ, ಜನ ಬಾಯಿ ಬಿಡುವ ಮೊದಲು ಹಣ ಎಣಿಸಿಕೊಂಡು ಹೋಗುವ ಉಪಾಯ ಅಲ್ಲಿಲ್ಲ. ನಿನ್ನೆ ನೋಡಿದ ಸಾಹುಕಾರನೇ ನಾಳೆಯೂ ಬರಬೇಕು. ಹಾಗೆ ನೋಡಿದರೆ ನಾಟಕ ಕಂಪನಿಯ ಬದುಕೇ ಸೀಕ್ವೆಲ್ಲಿನ ಬದುಕು.

ಈ ಲೆಕ್ಕದಲ್ಲಿ ಪರದೆಗೆ ದೊಡ್ಡ ಬೆಲೆ ಇತ್ತು. ಪಾರ್ಸಿ ನಾಟಕ ಕಂಪನಿಗಳು ಮುಂಬೈ ಕಡೆಯಿಂದ ತಂದ ಚಟ ಅದು. ಅರಮನೆ, ಕಾಡು, ಬೀದಿ, ಕೈಲಾಸ, ಒಂದೊಂದಕ್ಕೂ ಬರೆದ ಪರದೆ. ರಾಟೆ, ಹಗ್ಗ, ಬಾಗಿಲು ಇಟ್ಟ ನೆಲ. ದೇವರು ಮೇಲಿಂದ ಇಳಿಯುತ್ತಾನೆ, ರಾಕ್ಷಸ ನೆಲದೊಳಗೆ ಮಾಯವಾಗುತ್ತಾನೆ. ಇದಕ್ಕೆ ಟ್ರಿಕ್ ಸೀನು ಅಂತ ಕರೀತಿದ್ದರು. ವೀರಣ್ಣನವರಿಗೆ ಇದರ ಮೇಲೆ ವಿಪರೀತ ಮೋಹ. ಹಳ್ಳಿಗಳಿಗೆ ಕರೆಂಟು ಬರುವ ಮೊದಲೇ ಡೈನಮೋ ಹೊತ್ತು ತಂದು ರಂಗಕ್ಕೆ ವಿದ್ಯುತ್ ದೀಪ ಹಾಕಿದರು. ನಾಟಕಕ್ಕಿಂತ ಆ ಬಲ್ಬುಗಳನ್ನೇ ನೋಡಲು ಬಂದವರೂ ಇದ್ದಿರಬೇಕು. ನಾವು ಐಮ್ಯಾಕ್ಸ್ ನೋಡೋಕೆ ಬೆಂಗಳೂರಿಗೆ ಬಸ್ ಹತ್ತುವುದಿಲ್ವಾ, ಹಾಗೆ.

1930ರ ದಶಕದಲ್ಲಿ ಬಂತು ಕುರುಕ್ಷೇತ್ರ. ಬಿ. ಪುಟ್ಟಸ್ವಾಮಯ್ಯನವರು ಬರೆದ ನಾಟಕ. ಯುದ್ಧ ಅಂದ ಮೇಲೆ ಯುದ್ಧದ ಹಾಗೇ ಇರಬೇಕು ಅಂತ ವೀರಣ್ಣನವರ ಹಟ. ರಂಗದ ಮೇಲೆ ನಿಜವಾದ ಆನೆ, ನಿಜವಾದ ಕುದುರೆ, ರಥ. ಸಿವಿಲ್‌ನವರು ಒಮ್ಮೆ ಯೋಚನೆ ಮಾಡಿ ನೋಡಿ. ಏಷ್ಯಾದ ಆನೆ ಅಂದ್ರೆ ಮೂರು ನಾಲ್ಕು ಟನ್. ಅದು ಸುಮ್ಮನೆ ನಿಲ್ಲುವ ಭಾರವಲ್ಲ, ನಡೆಯುವ ಭಾರ. ಕಾಲು ಎತ್ತಿ ಇಡುವಾಗ ಅಷ್ಟೂ ತೂಕ ಉಳಿದ ಮೂರು ಕಾಲಿನಡಿ. ಪಕ್ಕದಲ್ಲಿ ದೀಪ, ಎದುರಿಗೆ ಚಪ್ಪಾಳೆ, ಹಿಂದೆ ಯುದ್ಧದ ವಾದ್ಯ. ಆನೆ ಹೆದರಿದರೆ ಮಹಾಭಾರತದ ಕಥೆಯೇ ಬದಲಾಗ್ತದೆ! ಇಲ್ಲಿ ರೀಟೇಕ್ ಇಲ್ಲ, ಗ್ರೀನ್ ಸ್ಕ್ರೀನೂ ಇಲ್ಲ. ದಿನಾ ರಾತ್ರಿ ಲೈವ್. ಜನ ಮುಗಿಬಿದ್ದು ನೋಡಿದರು. ಗುಬ್ಬಿ ಕಂಪನಿಯವರ ಆನೆ ಅಂತ ಕರ್ನಾಟಕವಿಡೀ ಮಾತಾಯಿತು. ಈಗಲೂ ವೀರಣ್ಣನವರ ಹೆಸರೆತ್ತಿದ ಕೂಡಲೇ ಹಳಬರು ಹೇಳುವುದು ಆ ಆನೆಯ ಸುದ್ದಿಯನ್ನೇ. ಮುಂದೆ ದಶಾವತಾರವನ್ನೂ ಇಂಥದೇ ವೈಭವದಲ್ಲಿ ಆಡಿದರು. ಹಾಲಿವುಡ್‌ನವರ ಅವತಾರ್‌ಗಿಂತ ಎಷ್ಟೋ ಮೊದಲು, ಅದಕ್ಕಿಂತ ಒಂಬತ್ತು ಜಾಸ್ತಿ!

ಆದರೆ ಆನೆಗೆ ಒಂದು ಗುಣ ಉಂಟು. ಅದು ನಾಟಕ ಇಲ್ಲದ ದಿನವೂ ತಿನ್ನುತ್ತದೆ. ದಿನಕ್ಕೆ ನೂರು ನೂರೈವತ್ತು ಕೆಜಿ ಮೇವು. ಮತ್ತೆ ಇನ್ನೊಂದು ಗುಣ, ಎರಡನೇ ಸಲ ನೋಡುವಾಗ ಅದು ಮೊದಲಿನಷ್ಟು ದೊಡ್ಡದಾಗಿ ಕಾಣುವುದಿಲ್ಲ.

ಈಗ ಕಳ್ಳನ ವಿಷಯಕ್ಕೆ ಬರುವ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಗುಬ್ಬಿ ಕಂಪನಿಗೆ ಬರೆದುಕೊಟ್ಟ ನಾಟಕಗಳಲ್ಲಿ ಸದಾರಮೆ ಒಂದು. ರಾಜಕುಮಾರ, ಅವನ ಹೆಂಡತಿ ಸದಾರಮೆ, ಪೆದ್ದ ಆದಿಮೂರ್ತಿ, ನಡುವೆ ಒಬ್ಬ ಕಳ್ಳ. ಕಥೆಯಲ್ಲಿ ಕಳ್ಳನಿಗೆ ಹೆಚ್ಚು ಜಾಗ ಏನಿಲ್ಲ. ಆದರೆ ಆ ಪಾತ್ರಕ್ಕೆ ನಿಂತವರು ವೀರಣ್ಣ. ಕಂಪನಿ ಮಾಲೀಕ, ಬೇಕಾದರೆ ಶ್ರೀರಾಮನ ಕಿರೀಟವನ್ನೇ ಇಟ್ಟುಕೊಳ್ಳಬಹುದಿತ್ತು, ತಾನೇ ಆರಿಸಿಕೊಂಡದ್ದು ಕಳ್ಳನ ವೇಷ. ಆ ಕಳ್ಳ ಎಷ್ಟು ಜನಪ್ರಿಯನಾದ ಅಂದ್ರೆ ಸದಾರಮೆ ಅಂದ್ರೆ ಕಳ್ಳ, ಕಳ್ಳ ಅಂದ್ರೆ ವೀರಣ್ಣ ಅನ್ನುವ ಹಾಗಾಯಿತು. ಆ ದೃಶ್ಯಕ್ಕೆ ಆನೆ ಬೇಡ, ಕುದುರೆ ಬೇಡ. ಆ ಊರಿನ ಆ ದಿನದ ಸುದ್ದಿ ಒಂದಿಷ್ಟು ಸೇರಿಸಿ ಮಾತು ಬೆಳೆಸುವುದು ಕಂಪನಿ ಹಾಸ್ಯಗಾರರ ಹಕ್ಕು. ಹಾಗಾಗಿ ನಿನ್ನೆಯ ಕಳ್ಳನೇ ಇವತ್ತಿನ ಕಳ್ಳನಲ್ಲ. ನಮ್ಮ ತಾಳಮದ್ದಳೆಯ ಅರ್ಥಧಾರಿಯ ಹಾಗೆ, ಪ್ರಸಂಗ ಅದೇ, ಮಾತು ಬೇರೆ. ಹಾಡು ಕೇಳಲು ಬರುವವರು ಬೇರೆ ಇದ್ದರು. ಹೆಂಗಸರ ಪಾತ್ರಕ್ಕೆ ಹೆಂಗಸರನ್ನೇ ತಂದ ಕಂಪನಿಗಳಲ್ಲಿ ಗುಬ್ಬಿಯದು ಮುಂಚೂಣಿಯದು. ಬಿ. ಜಯಮ್ಮನವರು ರಂಗಕ್ಕೆ ಬಂದರೆ ಹಿಂದಿನ ಪರದೆ ಹರಿದಿದ್ದರೂ ಯಾರೂ ಗಮನಿಸುತ್ತಿರಲಿಲ್ಲ ಅಂತ ನನ್ನ ಅಂದಾಜು.

ಸಿನಿಮಾ ಬಂದಾಗ ವೀರಣ್ಣ ಹೆದರಿ ಕೂರಲಿಲ್ಲ, ನೇರ ಅದರೊಳಗೇ ಹೋದರು. 1930ರ ಆಸುಪಾಸಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಅನ್ನುವ ಸಂಸ್ಥೆಯ ಮೂಲಕ ಮೂಕಿ ಚಿತ್ರಗಳನ್ನು ತೆಗೆದರು. ಹರಿಮಾಯಾ ಅದರಲ್ಲಿ ಒಂದು, ವೈ. ವಿ. ರಾವ್ ನಿರ್ದೇಶನ. ಟೈಮಿಂಗ್ ನೋಡಿ: 1931ರ ಮಾರ್ಚಿನಲ್ಲಿ ಆಲಂ ಆರಾ ಬಿಡುಗಡೆಯಾಗಿ ಭಾರತದಲ್ಲಿ ಸಿನಿಮಾ ಮಾತಾಡಲು ಶುರು ಮಾಡಿತ್ತು. ಮೂಕಿಯ ಕಾಲ ಮುಗಿಯುವ ಹೊತ್ತಿಗೆ ಸರಿಯಾಗಿ ಇವರು ಮೂಕಿ ತೆಗೆದರು. ಮಾತೇ ಬಂಡವಾಳವಾಗಿದ್ದ ಮನುಷ್ಯ ಮಾತಿಲ್ಲದ ಚಿತ್ರಕ್ಕೆ ಹಣ ಸುರಿದದ್ದು ಯಾಕೋ, ನನಗಂತೂ ಅವರ ಬದುಕಿನ ಅತಿ ವಿಚಿತ್ರ ಸಂಗತಿ ಅನ್ನಿಸ್ತದೆ. 1935ರಲ್ಲಿ ಸದಾರಮೆ ಟಾಕಿಯಾಗಿ ಬಂತು, ಅದರಲ್ಲಿ ವೀರಣ್ಣನವರೇ ನಟಿಸಿದರು. ಕನ್ನಡದಲ್ಲಿ ಮೊದಲ ಟಾಕಿ ಬಂದು ಆಗ ಒಂದೇ ವರ್ಷ. 1945ರಲ್ಲಿ ಜಯಮ್ಮನವರ ಹೇಮರೆಡ್ಡಿ ಮಲ್ಲಮ್ಮ ಬಂತು.

ಇಲ್ಲಿ ಒಂದು ಕ್ಷಣ ಫ್ರಾನ್ಸಿಗೆ ಹೋಗಿ ಬರುವ. ವೀರಣ್ಣನವರ ಹಾಗೇ ರಂಗದಿಂದ ಸಿನಿಮಾಕ್ಕೆ ಹೋದ ಇನ್ನೊಬ್ಬ ಅಲ್ಲಿದ್ದ, ಜಾದೂಗಾರ ಜಾರ್ಜ್ ಮೆಲಿಯೆಸ್. 1902ರಲ್ಲಿ ಚಂದ್ರಲೋಕ ಯಾತ್ರೆಯ ಚಿತ್ರ ತೆಗೆದ. ಚಂದ್ರನ ಕಣ್ಣಿಗೆ ರಾಕೆಟ್ ಚುಚ್ಚಿದ ಆ ಚಿತ್ರ ನೀವು ಎಲ್ಲಾದರೂ ನೋಡಿಯೇ ಇರ್ತೀರಿ. ಸೈನ್ಸ್ ಫಿಕ್ಷನ್ ಸಿನಿಮಾದ ಅಜ್ಜ ಅದು. ಅವನ ಹತ್ತಿರ ಇದ್ದದ್ದು ಟ್ರಿಕ್, ಇನ್ನೂ ದೊಡ್ಡ ಟ್ರಿಕ್. ಸುಮಾರು ಐನೂರು ಚಿತ್ರ ಮಾಡಿದ. ಹತ್ತು ಹನ್ನೆರಡು ವರ್ಷದೊಳಗೆ ಜನರಿಗೆ ಸಾಕಾಯಿತು, ಬೇರೆಯವರು ಕಥೆ ಹೇಳಲು ಕಲಿತಿದ್ದರು. ಸಾಲದಲ್ಲಿ ಮುಳುಗಿದ, ಫಿಲ್ಮುಗಳನ್ನು ತಾನೇ ಸುಟ್ಟ. ಆಮೇಲೆ ಪ್ಯಾರಿಸ್ಸಿನ ಒಂದು ರೈಲ್ವೆ ಸ್ಟೇಷನ್ನಿನಲ್ಲಿ ಆಟಿಕೆ ಅಂಗಡಿ ಇಟ್ಟು ಕೂತ. 1938ರಲ್ಲಿ ತೀರಿಕೊಂಡ.

ವೀರಣ್ಣನವರೂ ಅದೇ ದಾರಿ ಹಿಡಿಯಬಹುದಿತ್ತು. ಯಾಕಂದ್ರೆ ಅವರ ಆನೆಯನ್ನು ಸೋಲಿಸುವವರು ಬಂದೇ ಬಂದರು. 1948ರಲ್ಲಿ ಮದ್ರಾಸಿನ ಜೆಮಿನಿ ವಾಸನ್ ಚಂದ್ರಲೇಖಾ ತೆಗೆದರು. ದೊಡ್ಡ ದೊಡ್ಡ ನಗಾರಿಗಳ ಮೇಲೆ ನೃತ್ಯ, ಸರ್ಕಸ್ಸು, ಪ್ರಾಣಿಗಳು, ಸಾಲು ಸಾಲು ಜನ. ಒಂದು ಸಲ ಚಿತ್ರೀಕರಿಸಿದರೆ ಮುಗಿಯಿತು, ಆಮೇಲೆ ಡಬ್ಬದೊಳಗಿನ ಆನೆಗೆ ಮೇವು ಬೇಡ. ಚಪ್ಪರ ಕಟ್ಟಿ ನಿಜವಾದ ಆನೆ ತರುವವರು ಇದರ ಜೊತೆ ಪೈಪೋಟಿ ಮಾಡುವುದು ಹೇಗೆ? ಕಣ್ಣು ಕುಕ್ಕುವುದರಲ್ಲಿ ನಿಮಗಿಂತ ಹೆಚ್ಚು ದುಡ್ಡಿದ್ದವ, ನಿಮಗಿಂತ ಹೊಸ ಮೆಷಿನ್ ಇದ್ದವ ಯಾವತ್ತೂ ಒಬ್ಬ ಇರ್ತಾನೆ. 2009ರಲ್ಲಿ ನಮ್ಮ ಅಣ್ಣಂದಿರು ಬಾಯಿ ಬಿಟ್ಟು ನೋಡಿದ ಪಂಡೋರಾದಂಥದ್ದೇ ಕಾಡು ಈಗ ನಮ್ಮ ರೂಮಿನ ಲ್ಯಾಪ್‌ಟಾಪಿನ ಗೇಮಿನಲ್ಲಿ ಬರ್ತದೆ. ಅದರಲ್ಲಿ ಓಡಾಡುತ್ತಾ ನಾವು ಚಿಪ್ಸ್ ತಿನ್ನುತ್ತೇವೆ.

ಆದರೆ ವೀರಣ್ಣನವರ ಹತ್ತಿರ ಆನೆ ಮಾತ್ರ ಇದ್ದದ್ದಲ್ಲ, ಜನ ಇದ್ದರು. 1954ರಲ್ಲಿ ಗುಬ್ಬಿ ಕರ್ನಾಟಕ ಪ್ರೊಡಕ್ಷನ್ಸ್ ಹೆಸರಲ್ಲಿ ಬೇಡರ ಕಣ್ಣಪ್ಪ ಬಂತು. ಎಚ್. ಎಲ್. ಎನ್. ಸಿಂಹ ನಿರ್ದೇಶಕರು. ಕಂಪನಿ ನಾಟಕದವರಿಗೆ ಚೆನ್ನಾಗಿ ಗೊತ್ತಿದ್ದ ಕಥೆಯೇ. ಅದರಲ್ಲಿ ಕುರುಕ್ಷೇತ್ರವಿಲ್ಲ. ಒಬ್ಬ ಬೇಡ, ಒಂದು ಲಿಂಗ, ಎರಡು ಕಣ್ಣು. ಲಿಂಗದ ಕಣ್ಣಲ್ಲಿ ರಕ್ತ ಬಂದಾಗ ತನ್ನ ಕಣ್ಣನ್ನೇ ಕಿತ್ತು ಕೊಡಲು ಹೊರಡುವ ಮುಗ್ಧ. ನಟಿಸಿದ ಹುಡುಗ ಕಂಪನಿಯವನೇ, ಅವನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯ ನಟ. ಮುತ್ತುರಾಜ ಅನ್ನುವ ಆ ಹುಡುಗನಿಗೆ ಚಿತ್ರದಲ್ಲಿ ರಾಜ್‌ಕುಮಾರ್ ಅಂತ ಹೆಸರಾಯಿತು. ಉಳಿದದ್ದು ನಾನು ಹೇಳಬೇಕಾಗಿಲ್ಲ. ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್ ಎಲ್ಲರೂ ಅದೇ ಕಂಪನಿಯ ಅನ್ನ ತಿಂದವರು.

ನಮ್ಮ ಕರಾವಳಿಯ ಹುಡುಗನೂ ಒಬ್ಬ ಆ ಅನ್ನ ತಿಂದಿದ್ದಾನೆ. ಬಂಟ್ವಾಳದ ಹತ್ತಿರದ ಮಂಚಿಯವ, ಬಿ. ವಿ. ಕಾರಂತ. ಮನೆಬಿಟ್ಟು ಓಡಿ ಹೋಗಿ ಗುಬ್ಬಿ ಕಂಪನಿ ಸೇರಿದ. ಹುಡುಗ ಚುರುಕು ಅಂತ ಕಂಡು ವೀರಣ್ಣನವರೇ ಮುಂದೆ ಅವರನ್ನು ಓದಲು ಬನಾರಸ್ಸಿಗೆ ಕಳಿಸಿದರು. ಲಾಭ ನಷ್ಟದ ಪುಸ್ತಕದಲ್ಲಿ ಇದನ್ನು ಯಾವ ಕಾಲಮ್ಮಿನಲ್ಲಿ ಬರೆದರೋ. ಆನೆ ಕಂಪನಿಯಲ್ಲಿ ಬೆಳೆದ ಈ ಕಾರಂತರು ಮುಂದೆ ಏನು ಮಾಡಿದರು ಗೊತ್ತಾ? ಪರದೆ, ಅರಮನೆ ಎಲ್ಲ ಬಿಟ್ಟು ಬಯಲಿಗೆ ಬಂದರು. 1972ರಲ್ಲಿ ಬೆಂಗಳೂರಿನಲ್ಲಿ ಈಡಿಪಸ್, ಜೋಕುಮಾರಸ್ವಾಮಿ, ಸಂಕ್ರಾಂತಿ ನಾಟಕಗಳನ್ನು ಬಯಲಲ್ಲಿ ಆಡಿಸಿ ಕನ್ನಡ ರಂಗಭೂಮಿಯ ದಿಕ್ಕನ್ನೇ ತಿರುಗಿಸಿದರು.

ಅದೇ ವರ್ಷ ವೀರಣ್ಣನವರಿಗೆ ಪದ್ಮಶ್ರೀ ಬಂತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಅವರು ತೀರಿಕೊಂಡರು. ಎಂಬತ್ತೊಂದು ವರ್ಷ. ಸಿನಿಮಾ ಟೆಂಟುಗಳು ಊರೂರಿಗೆ ಬಂದು ನಾಟಕ ಕಂಪನಿಗಳ ಚಪ್ಪರಗಳನ್ನು ಒಂದೊಂದಾಗಿ ನುಂಗಿದ್ದನ್ನು ನೋಡಿಯೇ ಹೋದರು. ಅವರ ಆತ್ಮಕಥೆಯ ಹೆಸರು ಕಲೆಯೇ ಕಾಯಕ. ವೈಭವ ಮಾಡಿದ್ದು ತಪ್ಪು ಅನ್ನುವಂಥ ಮನುಷ್ಯ ಅವರಲ್ಲ, ಅದು ನನಗೆ ಇಷ್ಟ. ಆನೆ ಬೇಕಿತ್ತು. ಆನೆ ಇಲ್ಲದಿದ್ದರೆ ಎಷ್ಟೋ ಜನ ಚಪ್ಪರದ ಒಳಗೇ ಬರುತ್ತಿರಲಿಲ್ಲ. ಬಂದವರನ್ನು ಮರುದಿನವೂ ಕರೆಸಿಕೊಳ್ಳುವ ಕೆಲಸವನ್ನು ಮಾತ್ರ ಅವರು ಆನೆಗೆ ಒಪ್ಪಿಸಲಿಲ್ಲ, ತಾನೇ ಕಳ್ಳನಾಗಿ ಮಾಡಿದರು.

ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಸದಾರಮೆಯನ್ನು ಮತ್ತೆ ರಂಗಕ್ಕೆ ತಂದರು. ಅಜ್ಜನ ಕಾಲದ ಕಳ್ಳ ಹೊಸ ಕಾಲದ ಜನರ ಎದುರು ಪುನಃ ಬಂದು ನಿಂತ, ಜನ ನಕ್ಕರು. ಕುರುಕ್ಷೇತ್ರದ ಆನೆಯನ್ನು ಹಾಗೆ ಪುನಃ ತರಲು ಯಾರಿಂದಲೂ ಆಗ್ಲಿಲ್ಲ. ಈಗಿನ ಕಾನೂನಿನಲ್ಲಿ ಅನುಮತಿ ಇಲ್ಲದೆ ಬಿಡುವುದೂ ಇಲ್ಲ, ಆ ಮಾತು ಬೇರೆ.

ಇಷ್ಟೆಲ್ಲ ಹೇಳಿ ಮುಗಿಸುವಾಗ ಗಂಟೆ ಎರಡಾಗಿತ್ತು. ತಕರಾರು ಎತ್ತಿದ್ದ ಗೆಳೆಯ ನಿದ್ದೆ ಹೋಗಿದ್ದ. ಉದ್ಯಾವರದವ ಮಾತ್ರ ಮೊಬೈಲ್ ತೆಗೆದು ಶನಿವಾರ ಆಟ ಎಲ್ಲಿ ಉಂಟು ಅಂತ ನೋಡ್ತಾ ಇದ್ದ. ಬಣ್ಣದ ವೇಷ ಯಾರದ್ದು ಅಂತ ಕೇಳಿದೆ. ಅದು ಗೊತ್ತಾದ ಮೇಲೇ ಹೋಗುವುದೋ ಬೇಡವೋ ಅಂತ ಹೇಳುವುದಂತೆ.