ಪಾತ್ರಗಳ ಅಂತರಂಗ ಹೊಕ್ಕ ಬ್ರ್ಯಾಡ್ಲೆ

ಎ. ಸಿ. ಬ್ರ್ಯಾಡ್ಲೆ 1851ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದನು. ತಂದೆ ಪಾದ್ರಿ; ಅಣ್ಣ ಎಫ್. ಎಚ್. ಬ್ರ್ಯಾಡ್ಲೆ ಪ್ರಸಿದ್ಧ ದಾರ್ಶನಿಕ. ಲಿವರ್‌ಪೂಲ್, ಗ್ಲಾಸ್ಗೊಗಳಲ್ಲಿ ಬೋಧಿಸಿ 1901ರಲ್ಲಿ ಆಕ್ಸ್‌ಫರ್ಡಿನ ಕಾವ್ಯ ಪ್ರಾಧ್ಯಾಪಕನಾದನು. ಈ ಮೂರು ಕಡೆಯ ಪಾಠಗಳಿಂದಲೇ 1904ರಲ್ಲಿ ‘ಷೇಕ್ಸ್‌ಪಿಯರಿಯನ್ ಟ್ರ್ಯಾಜಿಡಿ’ ಎಂಬ ಗ್ರಂಥ ಹೊರಬಂದಿತು. ಅದನ್ನು ಅರ್ಪಿಸಿದ್ದು ತನ್ನ ವಿದ್ಯಾರ್ಥಿಗಳಿಗೆ. ಅಧ್ಯಾಪಕನಿಗೆ ಇದಕ್ಕಿಂತ ಉಚಿತವಾದ ಅರ್ಪಣೆಯುಂಟೆ?

ಪಾತ್ರದ ಮಾತಿಗೂ ಮನಸ್ಸಿಗೂ ನಡುವಣ ಅಂತರವನ್ನು ಗುರುತಿಸುವುದರಲ್ಲಿ ಆತ ನಿಪುಣ. ‘ಒಥೆಲೊ’ ನಾಟಕದ ಇಯಾಗೊವಿನ ಕೇಡಿಗೆ ಕಾರಣವೇ ಇಲ್ಲವೆಂದು ಕೋಲ್‌ರಿಜ್ ಬಗೆದಿದ್ದನು. ಬ್ರ್ಯಾಡ್ಲೆ ಅದನ್ನೊಪ್ಪಲಿಲ್ಲ, ಇಯಾಗೊ ತಾನೇ ಹೇಳಿಕೊಳ್ಳುವ ಕಾರಣಗಳನ್ನೂ ಪೂರ್ಣವಾಗಿ ನಂಬಲಿಲ್ಲ. ಪದವಿ ಕೈತಪ್ಪಿ ಪೆಟ್ಟುತಿಂದ ಅಹಂಕಾರ ಅವನದು. ಪರರನ್ನು ಕುಣಿಸಿ ತನ್ನ ಮೇಲ್ಮೆಯನ್ನು ಸವಿಯುವ ಹಂಬಲವೇ ಅವನ ಪ್ರೇರಣೆ. ಅದು ಅವನಿಗೇ ತಿಳಿಯದು. ಹ್ಯಾಮ್ಲೆಟ್ಟನ ನಿಷ್ಕ್ರಿಯತೆಗೂ ಅತಿಚಿಂತನೆಗಿಂತ, ತಾಯಿಯ ಅವಸರದ ಮರುಮದುವೆಯಿಂದ ಕವಿದ ವಿಷಾದವೇ ಮೂಲವೆಂದು ಆತ ಕಂಡನು.

ಪಾತ್ರಗಳನ್ನು ನೆರೆಮನೆಯವರಂತೆ ವಿಚಾರಿಸುವುದು ಅತಿಯಾಯಿತೆಂಬ ಆಕ್ಷೇಪ ಬಾರದಿರಲಿಲ್ಲ. ತಂದೆ ಸತ್ತಾಗ ಹ್ಯಾಮ್ಲೆಟ್ ಎಲ್ಲಿದ್ದನೆಂದು ಟಿಪ್ಪಣಿ ಬರೆದವನಲ್ಲವೆ! 1933ರಲ್ಲಿ ಎಲ್. ಸಿ. ನೈಟ್ಸ್, ಲೇಡಿ ಮ್ಯಾಕ್‌ಬೆತ್‌ಗೆ ಮಕ್ಕಳೆಷ್ಟೆಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಈ ಪದ್ಧತಿಯನ್ನು ಗೇಲಿಮಾಡಿದನು. ನಾಟಕ ಮೊದಲು ಕಾವ್ಯವೆಂಬುದು ಆತನ ವಾದ. ವಾದವೇನೋ ದಿಟ, ಆದರೆ ಇಯಾಗೊವಿನ ಮನಸ್ಸನ್ನು ಬ್ರ್ಯಾಡ್ಲೆ ಅರಸಿದ್ದೂ ಅವನ ಸ್ವಗತಗಳ ಮಾತಿನಲ್ಲಿಯೇ.

ಎರಡು ವರ್ಷಗಳ ಮೇಲೆ, 1935ರಲ್ಲಿ, ಅವಿವಾಹಿತನಾಗಿಯೇ ಲಂಡನ್ನಿನಲ್ಲಿ ಬ್ರ್ಯಾಡ್ಲೆ ತೀರಿಕೊಂಡನು. ಗ್ರಂಥ ಇಂದಿಗೂ ಅಚ್ಚಾಗುತ್ತಲೇ ಇದೆ.